ಜೋಡಿ ವೇವ್‌ಗೈಡ್‌ನಲ್ಲಿ ಬೆಸ ಮೋಡ್ ಮೊದಲು ಬಂದರೆ ಲೆಕ್ಕ ತಪ್ಪೇ?

ಪ್ರಶ್ನೆ: ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಫೋಟಾನಿಕ್ ಕ್ರಿಸ್ಟಲ್‌ನಲ್ಲಿ ಪಕ್ಕಪಕ್ಕ ಎರಡು ವೇವ್‌ಗೈಡ್ (ಬೆಳಕು ಸಾಗುವ ದಾರಿ) ಇಟ್ಟು, ಅವುಗಳ ಮೋಡ್‌ಗಳನ್ನು (ಆಕಾರ ಬದಲಿಸದೆ ಸಾಗುವ ಕ್ಷೇತ್ರದ ನಮೂನೆಗಳನ್ನು) ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಸಿಲಿಕಾನ್‌ನಲ್ಲಿ ತ್ರಿಕೋನ ಲ್ಯಾಟಿಸ್‌ನ (ತ್ರಿಕೋನ ಜೋಡಣೆಯ) ತೂತುಗಳು, ಎರಡು ಗೈಡ್‌ಗಳ ನಡುವೆ ಮೂರು ಸಾಲು, ಎರಡು ಆಯಾಮದ ಮಾದರಿ. ಫೈಬರ್ ಪಾಠದಲ್ಲಿ ಸಮ ಮೋಡ್ ಯಾವಾಗಲೂ ಮೊದಲು ಬರುತ್ತದೆ ಎಂದು ಓದಿದ್ದೆ. ನನ್ನ ಆವೃತ್ತಿಯ ಗ್ರಾಫ್‌ನಲ್ಲಿ ಬೆಸ ಮೋಡ್ ಕೆಳಗೆ ಬಂದಿದೆ. ಸ್ವಲ್ಪ ಮುಂದೆ ಎರಡೂ ಗೆರೆಗಳು ಒಂದನ್ನೊಂದು ದಾಟಿ ಜಾಗ ಬದಲಿಸಿವೆ. ಕೋಡ್ ತಪ್ಪಿದೆಯೇ? ದಾಟುವ ಬಿಂದುವಿನಲ್ಲಿ ಬೆಳಕು ಏನು ಮಾಡುತ್ತದೆ? ಕಪ್ಲರ್ (ಒಂದು ಗೈಡ್‌ನ ಬೆಳಕನ್ನು ಇನ್ನೊಂದಕ್ಕೆ ದಾಟಿಸುವ ಸಾಧನ) ಮಾಡಬೇಕಾದರೆ ನಡುವೆ ಎಷ್ಟು ಸಾಲು ಬಿಡಬೇಕು?

ಉತ್ತರ: ನಿಮ್ಮ ಕೋಡ್ ಬಹುಶಃ ಸರಿಯಾಗಿಯೇ ಇದೆ. ನೀವು ಕಂಡದ್ದು ಈ ವಿಷಯದ ಅತ್ಯಂತ ಚೆಂದದ ಸಂಗತಿ. ಎಷ್ಟೋ ಜನ ಇದನ್ನು ತಪ್ಪು ಅಂದುಕೊಂಡು ಕೋಡ್ ತಿದ್ದುತ್ತಾ ದಿನಗಟ್ಟಲೆ ಕೂರುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಫೈಬರ್ ಪಾಠದ ನಿಯಮ ಎಲ್ಲಿಂದ ಬಂತು ಅಂತ ನೋಡೋಣ. ಒಂದೇ ಉದ್ದದ ಎರಡು ಲೋಲಕಗಳನ್ನು ಸಣ್ಣ ಸ್ಪ್ರಿಂಗ್‌ನಿಂದ ಜೋಡಿಸಿದ್ದೇವೆ ಅಂದುಕೊಳ್ಳಿ. ಎರಡೂ ಒಂದೇ ಕಡೆಗೆ ತೂಗಿದರೆ ಸ್ಪ್ರಿಂಗ್ ಹಿಗ್ಗುವುದೇ ಇಲ್ಲ, ಹಾಗಾಗಿ ಆವೃತ್ತಿ ಕಡಿಮೆ. ಎದುರುಬದುರು ತೂಗಿದರೆ ಸ್ಪ್ರಿಂಗ್ ಹಿಗ್ಗಿ ಕುಗ್ಗುತ್ತದೆ, ಆವೃತ್ತಿ ಜಾಸ್ತಿ. ಒಂದನ್ನು ಮಾತ್ರ ಎಳೆದು ಬಿಟ್ಟರೆ ಈ ಎರಡೂ ಬಗೆಯ ಚಲನೆ ಬೆರೆತಿರುತ್ತವೆ. ಅವುಗಳ ಆವೃತ್ತಿಯ ವ್ಯತ್ಯಾಸದಿಂದ ಶಕ್ತಿ ಒಂದರಿಂದ ಇನ್ನೊಂದಕ್ಕೆ ಹೋಗಿ ಮತ್ತೆ ವಾಪಸ್ ಬರುತ್ತದೆ. ಎರಡು ಗೈಡ್‌ಗಳಲ್ಲೂ ಇದೇ ನಡೆಯುತ್ತದೆ, ಆದರೆ ಕಾಲದ ಬದಲು ಉದ್ದದ ಮೇಲೆ. ಎರಡು ಗೈಡ್‌ಗಳಲ್ಲೂ ಕ್ಷೇತ್ರದ ಚಿಹ್ನೆ ಒಂದೇ ಆಗಿದ್ದರೆ ಸಮ ಮೋಡ್, ವಿರುದ್ಧವಾಗಿದ್ದರೆ ಬೆಸ ಮೋಡ್.

ಸಾಮಾನ್ಯ ಗೈಡ್‌ಗಳ ನಡುವೆ ಇರುವುದು ಗಾಳಿ ಅಥವಾ ಗಾಜಿನಂಥ ಏಕರೂಪದ ಜಾಗ. ಅಲ್ಲಿ ಕ್ಷೇತ್ರ ಸುಮ್ನೆ ಕರಗುತ್ತಾ ಹೋಗುತ್ತದೆ, ಚಿಹ್ನೆ ಬದಲಿಸುವುದಿಲ್ಲ. ಗಣಿತದಲ್ಲಿ ಇದಕ್ಕೊಂದು ಗಟ್ಟಿ ನಿಯಮವೂ ಇದೆ. ಇಂಥ ಸಮೀಕರಣದ ಅತ್ಯಂತ ಕೆಳಗಿನ ಮೋಡ್‌ನಲ್ಲಿ ಕ್ಷೇತ್ರ ಎಲ್ಲೂ ಸೊನ್ನೆ ದಾಟುವುದಿಲ್ಲ. ಬೆಸ ಮೋಡ್ ಅಂದಮೇಲೆ ನಟ್ಟನಡುವೆ ಸೊನ್ನೆ ದಾಟಲೇಬೇಕು. ಆದ್ದರಿಂದ ಅಲ್ಲಿ ಸಮ ಮೋಡ್‌ಗೇ ಮೊದಲ ಸ್ಥಾನ, ಯಾವ ಆವೃತ್ತಿಯಲ್ಲೂ ಗೆರೆಗಳು ಸ್ಥಾನ ಬದಲಿಸುವುದಿಲ್ಲ.

ಈಗ ಫೋಟಾನಿಕ್ ಕ್ರಿಸ್ಟಲ್‌ಗೆ ಬನ್ನಿ. 1987ರಲ್ಲಿ ಎಲಿ ಯಾಬ್ಲೊನೋವಿಚ್ ಮತ್ತು ಸಜೀವ್ ಜಾನ್ ಬೇರೆ ಬೇರೆಯಾಗಿ ಮುಂದಿಟ್ಟ ವಿಚಾರ ಇದು. ವಸ್ತುವಿನ ರಚನೆ ಬೆಳಕಿನ ತರಂಗದೂರದ ಅಳತೆಯಲ್ಲೇ ಮತ್ತೆ ಮತ್ತೆ ಒಂದೇ ಥರ ಬಂದರೆ, ಕೆಲವು ಆವೃತ್ತಿಗಳ ಬೆಳಕು ಒಳಗೆ ಹರಿಯಲಾರದು. ಆ ಆವೃತ್ತಿಗಳ ಪಟ್ಟಿಯೇ ಬ್ಯಾಂಡ್ ಗ್ಯಾಪ್. ಒಂದು ಸಾಲು ತೂತು ಕೊರೆಯದೆ ಬಿಟ್ಟರೆ ಗ್ಯಾಪ್‌ನ ಬೆಳಕು ಆ ದಾರಿಯಲ್ಲಿ ಮಾತ್ರ ಸಾಗುತ್ತದೆ. ಇದೇ ಡಬ್ಲ್ಯೂ-1 ಗೈಡ್. ನಿಮ್ಮ ಮಾದರಿಯಲ್ಲಿ ಇಂಥವು ಎರಡಿವೆ.

ಗ್ಯಾಪ್ ಒಳಗಿನ ಈ ಮೋಡ್ ಆ ರಚನೆಯ ಅತ್ಯಂತ ಕೆಳಗಿನ ಮೋಡ್ ಅಲ್ಲವೇ ಅಲ್ಲ. ಅದರ ಕೆಳಗೆ ಕ್ರಿಸ್ಟಲ್‌ನ ಇಡೀ ಬ್ಯಾಂಡ್ ಇದೆ, ಎಷ್ಟೋ ಮೋಡ್‌ಗಳು ಆಗಲೇ ಅಲ್ಲಿ ಕೂತಿವೆ. ಗ್ರಾಫ್‌ನಲ್ಲಿ ನಾವು ಮೊದಲನೆಯದು ಅಂತ ಕರೆಯುವುದು ಗ್ಯಾಪ್ ಒಳಗಿನ ಮೊದಲನೆಯದು, ಅಷ್ಟೆ. ಸೊನ್ನೆ ದಾಟಬಾರದು ಎನ್ನುವ ನಿಯಮ ಇದಕ್ಕೆ ತಗಲುವುದೇ ಇಲ್ಲ. ಫೈಬರ್ ಪಾಠದ ಖಾತರಿ ಇಲ್ಲಿಗೆ ಮುಗಿಯಿತು. ಹಾಗಾದರೆ ಸಮ ಮೊದಲೋ ಬೆಸ ಮೊದಲೋ ಅಂತ ತೀರ್ಮಾನಿಸುವವರು ಯಾರು? ನಡುವಿನ ಗೋಡೆ. ಈ ಉತ್ತರದಲ್ಲಿ ನೀವು ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಪ್ಲಿಂಗ್, ಅಂದರೆ ಗೈಡ್‌ಗಳ ನಡುವಿನ ಜೋಡಣೆ, ಎಷ್ಟು ಗಟ್ಟಿ ಅನ್ನುವುದು ಮಾತ್ರವಲ್ಲ, ಅದರ ಚಿಹ್ನೆ ಪ್ಲಸ್ಸೋ ಮೈನಸ್ಸೋ ಅನ್ನುವುದೂ ನಡುವಿನ ಸಾಲುಗಳ ಕೈಯಲ್ಲಿದೆ.

ಸರಳ ಉದಾಹರಣೆಯಿಂದ ಶುರು ಮಾಡೋಣ. ಚೌಕ ಲ್ಯಾಟಿಸ್, ಗಾಳಿಯಲ್ಲಿ ನಿಂತ ಸಿಲಿಕಾನ್ ಕಂಬಿಗಳು. ಗ್ಯಾಪ್‌ನ ಬೆಳಕು ಗೈಡ್‌ನಿಂದ ಪಕ್ಕದ ಕ್ರಿಸ್ಟಲ್ ಒಳಗೆ ನುಸುಳಿದಾಗ, ಒಂದೊಂದು ಸಾಲು ದಾಟುವಾಗಲೂ ಕ್ಷೇತ್ರಕ್ಕೆ ಒಂದೇ ಸಂಖ್ಯೆಯ ಗುಣಾಕಾರ ಆಗುತ್ತದೆ. ಇದು ಮತ್ತೆ ಮತ್ತೆ ಒಂದೇ ಥರ ಬರುವ ರಚನೆಗಳಲ್ಲಿನ ಅಲೆಗಳ ಕುರಿತ ಬ್ಲಾಖ್ ಪ್ರಮೇಯದ ನೇರ ಫಲ. ಗ್ಯಾಪ್ ಒಳಗೆ ಆ ಸಂಖ್ಯೆಯ ಪ್ರಮಾಣ ಒಂದಕ್ಕಿಂತ ಕಡಿಮೆ, ಆದ್ದರಿಂದಲೇ ಬೆಳಕು ಕರಗುತ್ತದೆ. ಆದರೆ ಈ ರಚನೆಯ ಮೊದಲ ಗ್ಯಾಪ್‌ನಲ್ಲಿ ಆ ಸಂಖ್ಯೆ ಋಣ ಸಂಖ್ಯೆ. ಅಂದರೆ ಪ್ರತಿ ಸಾಲಿಗೂ ಕ್ಷೇತ್ರ ಕುಗ್ಗುವುದರ ಜೊತೆಗೆ ಚಿಹ್ನೆಯನ್ನೂ ತಿರುಗಿಸುತ್ತದೆ: ಪ್ಲಸ್, ಮೈನಸ್, ಪ್ಲಸ್, ಮೈನಸ್. ನಡುವೆ ಒಂದು ಸಾಲು ಜಾಸ್ತಿ ಮಾಡಿದರೆ ಸಾಕು, ಪಕ್ಕದ ಗೈಡ್ ತಲುಪುವ ಬಾಲದ ಚಿಹ್ನೆ ಉಲ್ಟಾ. ಸಮ ಮೊದಲಿದ್ದದ್ದು ಬೆಸ ಮೊದಲಾಗುತ್ತದೆ. ಇನ್ನೊಂದು ಸಾಲು ಸೇರಿಸಿ, ಮತ್ತೆ ಸಮ ಮೊದಲು. ಸಿಡ್ನಿಯ ಮಾರ್ಟೈನ್ ಡಿ ಸ್ಟರ್ಕೆ, ಲಿಂಡ್ಸೆ ಬಾಟನ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಗಣಿತದಿಂದ ಸ್ವಚ್ಛವಾಗಿ ತೋರಿಸಿದರು.

ನಿಮ್ಮ ತ್ರಿಕೋನ ಲ್ಯಾಟಿಸ್‌ನಲ್ಲಿ ವಿಷಯ ಇನ್ನೂ ರುಚಿಯಾಗಿದೆ. ಅಲ್ಲಿ ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಅರ್ಧ ಲ್ಯಾಟಿಸ್ ಅಂತರ ಸರಿದು ಕೂತಿದೆ. ಹಾಗಾಗಿ ಕರಗುವ ಅಲೆ ಒಂದಿದ್ದರೆ ಸಾಲದು. ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕರಗುವ ಎರಡು ಅಲೆಗಳು ಒಟ್ಟಿಗೆ ಬರುತ್ತವೆ, ಒಂದರ ಫೇಸ್ (ಅಲೆಯ ಹಂತ) ಈ ಕಡೆ ತಿರುಗಿದರೆ ಇನ್ನೊಂದರದ್ದು ಆ ಕಡೆ. ಅವು ಕೂಡಿದಾಗ ಬಾಲ ಕರಗುತ್ತಲೇ ಓಲಾಡುತ್ತದೆ. ಈ ಓಲಾಟದ ಅಳತೆ ಸ್ಥಿರವಲ್ಲ. ಬೀಟಾ ಬದಲಾದರೆ, ಅಂದರೆ ಗೈಡ್ ಉದ್ದಕ್ಕೆ ಫೇಸ್ ತಿರುಗುವ ದರ ಬದಲಾದರೆ, ಓಲಾಟವೂ ಬದಲಾಗುತ್ತದೆ. ಒಂದು ಬೀಟಾದಲ್ಲಿ ಬಾಲ ಎರಡನೇ ಗೈಡ್ ತಲುಪುವಾಗ ಪ್ಲಸ್, ಇನ್ನೊಂದರಲ್ಲಿ ಮೈನಸ್. ನಡುವೆ ಎಲ್ಲೋ ಒಂದು ಕಡೆ ಸೊನ್ನೆ ಆಗಲೇಬೇಕಲ್ವಾ? ನಿಮ್ಮ ಗೆರೆಗಳು ದಾಟಿದ್ದು ಅಲ್ಲೇ. ನಡುವಿನ ಸಾಲುಗಳು ಹೆಚ್ಚಿದಷ್ಟೂ ಓಲಾಟಕ್ಕೆ ಜಾಗ ಹೆಚ್ಚು, ಗೆರೆಗಳು ದಾಟುವ ಬಿಂದುಗಳ ಸಂಖ್ಯೆಯೂ ಹೆಚ್ಚುವ ಸಾಧ್ಯತೆ ಇದೆ.

ಇದನ್ನು ಮಾತಿನಲ್ಲಿ ನಂಬಬೇಡಿ, ಕಣ್ಣಾರೆ ನೋಡಿ. ಜೋಡಿಯನ್ನು ಬದಿಗಿಟ್ಟು ಒಂದೇ ಒಂದು ಗೈಡ್ ಇರುವ ಮಾದರಿ ಓಡಿಸಿ. ಅದರ ಕಾಂತಕ್ಷೇತ್ರದ ಚಿತ್ರ ದೊಡ್ಡದಾಗಿ ತೆರೆಯಿರಿ. ಮೂರು ಸಾಲು ಆಚೆ, ಎರಡನೇ ಗೈಡ್ ಬರಬೇಕಾದ ಸಾಲಿನ ಮೇಲೆ ಬೆರಳಿಡಿ. ಅಲ್ಲಿ ಕ್ಷೇತ್ರ ಮಧ್ಯದ ಗೈಡ್‌ಗಿಂತ ತುಂಬಾ ಚಿಕ್ಕದಾಗಿರುತ್ತದೆ, ಬಣ್ಣದ ಮಾಪಕವನ್ನು ಲಾಗ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಚಿಹ್ನೆ ಮಾತ್ರ ಬೇರೆ ಬಣ್ಣದಲ್ಲಿ ತೋರಿಸಿ. ಈಗ ಬೀಟಾವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಬೆರಳಿಟ್ಟ ಸಾಲಿನಲ್ಲಿನ ನಮೂನೆ ಮಸುಕಾಗುತ್ತದೆ, ಒಂದು ಕಡೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ, ಆಮೇಲೆ ಬಣ್ಣ ತಿರುಗಿಸಿಕೊಂಡು ಮತ್ತೆ ಮೂಡುತ್ತದೆ. ಅಳಿಸಿಹೋದ ಬೀಟಾ ಬರೆದಿಟ್ಟುಕೊಂಡು ಜೋಡಿ ಮಾದರಿಯ ಗ್ರಾಫ್ ಪಕ್ಕದಲ್ಲಿಡಿ. ಗೆರೆಗಳು ದಾಟಿದ ಜಾಗ ಅದರ ತೀರಾ ಹತ್ತಿರ ಇರುತ್ತದೆ. ಒಂದೇ ಬಿಂದು ಆಗದಿರಬಹುದು. ಕಪ್ಲಿಂಗ್ ಅನ್ನುವುದು ಎರಡನೇ ಗೈಡ್‌ನ ಅಗಲದಷ್ಟೂ ಮಾಡುವ ಮೊತ್ತ, ಒಂದು ಗೆರೆಯ ಮೇಲಿನ ಬೆಲೆಯಲ್ಲ. ನನ್ನ ಮಟ್ಟಿಗೆ ಯಾವ ಸಮೀಕರಣಕ್ಕಿಂತಲೂ ಈ ಚಿತ್ರವೇ ಹೆಚ್ಚು ಕಲಿಸುತ್ತದೆ.

ಸಾಲುಗಳ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ನೀವು ಮೂರು ಸಾಲು ಬಿಟ್ಟಿದ್ದೀರಿ, ಒಳ್ಳೆಯದಾಯಿತು. ತ್ರಿಕೋನ ಲ್ಯಾಟಿಸ್‌ನಲ್ಲಿ ನಡುವೆ ಒಂದು, ಮೂರು, ಐದು ಸಾಲು ಇದ್ದರೆ ಎರಡು ಗೈಡ್‌ಗಳು ನೇರ ಎದುರುಬದುರಾಗಿರುತ್ತವೆ, ನಟ್ಟನಡುವೆ ಕನ್ನಡಿ ಇಟ್ಟಂತೆ. ಆಗ ಮಾತ್ರ ಸಮ, ಬೆಸ ಅನ್ನುವ ಹೆಸರಿಗೆ ಸರಿಯಾದ ಅರ್ಥ ಇದೆ. ಎರಡು ಅಥವಾ ನಾಲ್ಕು ಸಾಲು ಬಿಟ್ಟರೆ ಒಂದು ಗೈಡ್ ಇನ್ನೊಂದಕ್ಕಿಂತ ಅರ್ಧ ಲ್ಯಾಟಿಸ್ ಅಂತರ ಸರಿದಿರುತ್ತದೆ. ಕನ್ನಡಿಯಲ್ಲಿ ತಿರುಗಿಸಿ, ಅರ್ಧ ಹೆಜ್ಜೆ ಮುಂದೆ ಸರಿಸಿದರೆ ಮಾತ್ರ ರಚನೆ ಮೊದಲಿನಂತೆ ಕಾಣುತ್ತದೆ. ಇದಕ್ಕೆ ಗ್ಲೈಡ್ ಸಿಮೆಟ್ರಿ ಎನ್ನುತ್ತಾರೆ. ಇದರ ಪರಿಣಾಮ ದೊಡ್ಡದು. ಬ್ರಿಲುವಾ ವಲಯದ ಅಂಚಿನಲ್ಲಿ, ಅಂದರೆ ಬೀಟಾ ಗುಣಿಸು ಲ್ಯಾಟಿಸ್ ಅಂತರ ಪೈ ಆಗುವ ಕಡೆ, ಎರಡೂ ಗೆರೆಗಳು ಸೇರಲೇಬೇಕು. ಅಲ್ಲಿ ಅವು ಚಪ್ಪಟೆಯಾಗಿ ಮುಗಿಯುವ ಬದಲು ಸಾಮಾನ್ಯವಾಗಿ ಓರೆಯಾಗಿ ಒಂದನ್ನೊಂದು ಹಾಯುತ್ತವೆ. ನಿಧಾನ ಬೆಳಕಿನ ಬಿಂದು, ಅಂದರೆ ಗೆರೆ ಚಪ್ಪಟೆಯಾಗುವ ಕಡೆ, ಅಂಚಿನಿಂದ ಒಳಕ್ಕೆ ಸರಿಯುತ್ತದೆ. ಎರಡು ಸಾಲಿನ ಮಾದರಿ ಓಡಿಸಿ ಅಂಚಿನಲ್ಲಿ ಇಂಥ ಕೂಡಿಕೆ ಕಂಡರೆ ಗಾಬರಿ ಬೇಡ. ಕಾಣದಿದ್ದರೆ ಮಾತ್ರ ಕೋಡ್ ನೋಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ದಾಟುವ ಬಿಂದುವಿನಲ್ಲಿ ಬೆಳಕು ಏನು ಮಾಡುತ್ತದೆ ಅನ್ನುವುದು. ಒಂದು ಗೈಡ್‌ಗೆ ಮಾತ್ರ ಬೆಳಕು ಬಿಟ್ಟರೆ ಅದು ಸಮ, ಬೆಸ ಎರಡೂ ಮೋಡ್‌ಗಳನ್ನು ಹೆಚ್ಚುಕಡಿಮೆ ಸಮಪಾಲಾಗಿ ಎಬ್ಬಿಸುತ್ತದೆ. ಎರಡರ ಬೀಟಾ ಬೇರೆ ಇದ್ದರೆ ಮುಂದೆ ಹೋಗುತ್ತಾ ಫೇಸ್ ಬೇರೆಯಾಗುತ್ತದೆ. ಅರ್ಧ ಸುತ್ತು ಬೇರೆಯಾದ ಕಡೆ ಬೆಳಕೆಲ್ಲ ಪಕ್ಕದ ಗೈಡ್‌ನಲ್ಲಿರುತ್ತದೆ. ಆ ಉದ್ದವೇ ಕಪ್ಲಿಂಗ್ ಉದ್ದ, ಪೈಯನ್ನು ಬೀಟಾಗಳ ವ್ಯತ್ಯಾಸದಿಂದ ಭಾಗಿಸಿದರೆ ಬರುತ್ತದೆ. ನಿಮ್ಮ ಗ್ರಾಫ್‌ನಲ್ಲಿ ಬೀಟಾ ಎರಡು ಪೈ ಭಾಗಿಸು ಲ್ಯಾಟಿಸ್ ಅಂತರದ ಘಟಕದಲ್ಲಿರುತ್ತದೆ. ಆ ಘಟಕದಲ್ಲಿ ವ್ಯತ್ಯಾಸ 0.01 ಇದ್ದರೆ ಕಪ್ಲಿಂಗ್ ಉದ್ದ 50 ಲ್ಯಾಟಿಸ್ ಅಂತರ. ಲ್ಯಾಟಿಸ್ ಅಂತರ 420 ನ್ಯಾನೋಮೀಟರ್ ಅಂತಿಟ್ಟುಕೊಂಡರೆ, ಅದು 1550 ನ್ಯಾನೋಮೀಟರ್ ತರಂಗದೂರಕ್ಕೆ ಹೊಂದುವ ಅಳತೆ, 21 ಮೈಕ್ರೋಮೀಟರ್. ವ್ಯತ್ಯಾಸ 0.0005ಕ್ಕೆ ಇಳಿದರೆ ಉದ್ದ 420 ಮೈಕ್ರೋಮೀಟರ್. ದಾಟುವ ಬಿಂದುವಿನಲ್ಲಿ ವ್ಯತ್ಯಾಸ ಸೊನ್ನೆ, ಉದ್ದ ಅನಂತ. ಅಂದರೆ ಬೆಳಕು ಬಿಟ್ಟ ಗೈಡ್‌ನಲ್ಲೇ ಉಳಿಯುತ್ತದೆ. ಗೈಡ್‌ಗಳು ಒಂದು ಮೈಕ್ರೋಮೀಟರ್ ಆಸುಪಾಸಿನಲ್ಲೇ ಇದ್ದರೂ ಒಂದಕ್ಕೆ ಇನ್ನೊಂದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಆದರೆ ಇದು ಒಂದೇ ಆವೃತ್ತಿಯ ಮಾತು. ಪಲ್ಸ್ ಕಳಿಸಿದರೆ ಅದರಲ್ಲಿ ಅಕ್ಕಪಕ್ಕದ ಆವೃತ್ತಿಗಳೂ ಇರುತ್ತವೆ. ಗೆರೆಗಳು ದಾಟುವಾಗ ಅವುಗಳ ಓರೆ ಬೇರೆ ಬೇರೆ, ಅಂದರೆ ಎರಡು ಮೋಡ್‌ಗಳ ವೇಗ ಬೇರೆ. ಉದ್ದ ಜಾಸ್ತಿಯಾದರೆ ಪಲ್ಸ್‌ನ ಅಂಚಿನ ಆವೃತ್ತಿಗಳು ಪಕ್ಕದ ಗೈಡ್‌ಗೆ ಸೋರತೊಡಗುತ್ತವೆ. ಎಷ್ಟು ಉದ್ದಕ್ಕೆ ಎಷ್ಟು ಅಗಲದ ಪಲ್ಸ್ ಸುರಕ್ಷಿತ ಅನ್ನುವುದನ್ನು ಗೆರೆಗಳ ಓರೆಯ ವ್ಯತ್ಯಾಸದಿಂದ ಲೆಕ್ಕ ಹಾಕಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ನಿಜವಾದ ಚಿಪ್ ಮಾಡುವವರಿಗೆ ಮುಖ್ಯ. ಎರಡು ಗೈಡ್‌ಗಳು ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ. ತೂತಿನ ಅಳತೆಯಲ್ಲಿ ಒಂದೆರಡು ನ್ಯಾನೋಮೀಟರ್ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಆಗ ಗೆರೆಗಳು ದಾಟುವುದಿಲ್ಲ, ಹತ್ತಿರ ಬಂದು ದೂರ ಸರಿಯುತ್ತವೆ. ಹಾಗಂತ ಡಿಕಪ್ಲಿಂಗ್, ಅಂದರೆ ಬೆಳಕು ಪಕ್ಕಕ್ಕೆ ದಾಟದಿರುವುದು, ಕೆಟ್ಟುಹೋಯಿತೇ? ಇಲ್ಲ. ಕಪ್ಲಿಂಗ್ ಸೊನ್ನೆ ಆದ ಕಡೆ ಉಳಿಯುವುದು ಗೈಡ್‌ಗಳ ನಡುವಿನ ಸ್ವಂತ ವ್ಯತ್ಯಾಸ ಮಾತ್ರ. ಆಗ ಒಂದು ಮೋಡ್ ಪೂರ್ತಿ ಒಂದು ಗೈಡ್‌ನಲ್ಲಿ, ಇನ್ನೊಂದು ಪೂರ್ತಿ ಇನ್ನೊಂದರಲ್ಲಿ. ಬೆಳಕು ಆಗಲೂ ದಾಟುವುದಿಲ್ಲ. ಪೆಟ್ಟು ಬೀಳುವುದು ಪೂರ್ತಿ ವರ್ಗಾವಣೆ ಬೇಕಾದವರಿಗೆ. ಗೈಡ್‌ಗಳ ಸ್ವಂತ ವ್ಯತ್ಯಾಸ, ಕಪ್ಲಿಂಗ್‌ನಿಂದ ಸಮ, ಬೆಸ ಗೆರೆಗಳ ನಡುವೆ ಬೀಳುವ ಅಂತರದಷ್ಟೇ ಆದರೆ ಅರ್ಧ ಬೆಳಕು ಮಾತ್ರ ಆಚೆ ಹೋಗುತ್ತದೆ. ಹಾಗಾಗಿ ಡಿಕಪ್ಲಿಂಗ್ ಗಟ್ಟಿ, ಕಪ್ಲಿಂಗ್ ನಾಜೂಕು.

ಕೋಡ್ ಪರೀಕ್ಷೆಗೆ ಕೆಲವು ಮಾತು. ಮೊದಲನೆಯದು ಹೆಸರಿನ ಗೊಂದಲ. ಸಮ, ಬೆಸ ಅಂತ ಯಾವ ಕ್ಷೇತ್ರ ನೋಡಿ ಹೇಳುತ್ತಿದ್ದೀರಿ? ಮೋಡ್ ಲೆಕ್ಕ ಹಾಕುವ ಎಂಪಿಬಿಯಂಥ ಪ್ರೋಗ್ರಾಂ ಕ್ಷೇತ್ರವನ್ನು ಸದಿಶವಾಗಿ ಕನ್ನಡಿಯಲ್ಲಿ ತಿರುಗಿಸಿ ಹೆಸರಿಡುತ್ತದೆ. ಕಾಂತಕ್ಷೇತ್ರ ಕನ್ನಡಿಯಲ್ಲಿ ವಿದ್ಯುತ್ ಕ್ಷೇತ್ರದ ಥರ ತಿರುಗುವುದಿಲ್ಲ. ಹಾಗಾಗಿ ಪದರಕ್ಕೆ ಲಂಬವಾದ ಕಾಂತಕ್ಷೇತ್ರದ ಚಿತ್ರ ಎರಡೂ ಕಡೆ ಒಂದೇ ಥರ ಕಂಡರೂ ಪ್ರೋಗ್ರಾಂ ಅದನ್ನು ಬೆಸ ಅನ್ನುತ್ತದೆ. ನಿಮ್ಮ ಪ್ರಶ್ನೆಯ ಅರ್ಧ ಇಲ್ಲೇ ಅಡಗಿರಬಹುದು. ಗೆರೆಗಳು ದಾಟುವುದು ಮಾತ್ರ ಹೆಸರಿನ ಆಟದಿಂದ ಆಗುವಂಥದ್ದಲ್ಲ, ಅದು ನಿಜ. ಇದರ ಜೊತೆಗೆ, ಡಬ್ಲ್ಯೂ-1 ಗೈಡ್‌ಗೆ ತನ್ನದೇ ಸಮ, ಬೆಸ ಮೋಡ್‌ಗಳಿವೆ. ಒಂಟಿ ಗೈಡ್‌ನ ಸಮ ಮೋಡ್‌ನಿಂದ ಜೋಡಿಯ ಒಂದು ಸಮ ಮತ್ತು ಒಂದು ಬೆಸ ಹುಟ್ಟುತ್ತವೆ. ಎರಡು ಮಟ್ಟದ ಹೆಸರುಗಳನ್ನು ಬೆರೆಸಬೇಡಿ.

ಕೆಳಗೆ, ಮೇಲೆ ಅಂತ ಹೇಳುವಾಗ ಒಂದೇ ಬೀಟಾದಲ್ಲಿ ಆವೃತ್ತಿ ಹೋಲಿಸಿ. ಡಬ್ಲ್ಯೂ-1ರ ಗೆರೆ ಹೆಚ್ಚಿನ ಭಾಗದಲ್ಲಿ ಇಳಿಜಾರಾಗಿರುತ್ತದೆ. ಅಲ್ಲಿ ಒಂದೇ ಆವೃತ್ತಿಯಲ್ಲಿ ಬೀಟಾ ಹೋಲಿಸಿದರೆ ಕ್ರಮ ಉಲ್ಟಾ ಕಾಣುತ್ತದೆ.

ಎರಡನೆಯದು ಸೂಪರ್‌ಸೆಲ್, ಅಂದರೆ ಲೆಕ್ಕಕ್ಕೆ ತೆಗೆದುಕೊಂಡ ತುಂಡು. ಪ್ರೋಗ್ರಾಂ ನಿಮ್ಮ ಜೋಡಿಯನ್ನು ಮೇಲೂ ಕೆಳಗೂ ನಕಲು ಮಾಡಿ ಇಟ್ಟಿರುತ್ತದೆ, ಆ ನಕಲುಗಳೂ ಒಂದಕ್ಕೊಂದು ಕಪ್ಲ್ ಆಗುತ್ತವೆ. ಜೋಡಿಯ ಆಚೆ ನಾನು ಎಂಟು ಸಾಲಿಗಿಂತ ಕಡಿಮೆ ಬಿಡುವುದಿಲ್ಲ. ಸಾಲು ಹೆಚ್ಚಿಸಿ ಮತ್ತೊಮ್ಮೆ ಓಡಿಸಿ. ಗೆರೆಗಳ ಅಂತರ ಬದಲಾದರೆ ಇನ್ನೂ ಹೆಚ್ಚಿಸಬೇಕು. ಮೂರನೆಯದು ಗ್ರಿಡ್, ಅಂದರೆ ಲೆಕ್ಕದ ಚೌಕಳಿ. ಎರಡು ಗೈಡ್‌ಗಳು ಗ್ರಿಡ್ ಮೇಲೆ ಕನ್ನಡಿ ಬಿಂಬದಂತೆ ಕೂರದಿದ್ದರೆ, ಒಂದರ ತೂತು ಇನ್ನೊಂದರದ್ದಕ್ಕಿಂತ ಚೂರು ಬೇರೆಯಾಗಿ ಕಾಣುತ್ತದೆ. ಆಗ ದಾಟಬೇಕಾದ ಗೆರೆಗಳ ನಡುವೆ ಸುಳ್ಳು ಬಿರುಕು ಬೀಳುತ್ತದೆ. ನಿಮ್ಮಲ್ಲಿ ಗೆರೆಗಳು ಸ್ವಚ್ಛವಾಗಿ ದಾಟಿವೆ ಅಂದರೆ ಈ ತೊಂದರೆ ಇಲ್ಲ.

ನಾಲ್ಕನೆಯದನ್ನು ಎರಡು ಆಯಾಮದ ಮಾದರಿ ತೋರಿಸುವುದೇ ಇಲ್ಲ. ನಿಜವಾದ ಸಿಲಿಕಾನ್ ಪದರ ಸುಮಾರು 220 ನ್ಯಾನೋಮೀಟರ್ ದಪ್ಪ, ಮೇಲೆ ಕೆಳಗೆ ಗಾಳಿ. ಬೀಟಾ ಕಡಿಮೆ ಇದ್ದರೆ ಬೆಳಕು ಮೇಲಕ್ಕೆ ಸೋರುತ್ತದೆ. ನಾನು ಹೇಳಿದ ಅಳತೆಯಲ್ಲಿ ನಿಮ್ಮ ಘಟಕದಲ್ಲಿ ಸುಮಾರು 0.27ರಿಂದ 0.5ರವರೆಗಿನ ಬೀಟಾ ಮಾತ್ರ ಸುರಕ್ಷಿತ. ಗೆರೆಗಳು 0.2ರಲ್ಲಿ ದಾಟಿದ್ದರೆ ಗಣಿತಕ್ಕೆ ಸರಿ, ಸಾಧನಕ್ಕೆ ಪ್ರಯೋಜನವಿಲ್ಲ.

ಕೊನೆಗೆ, ಎಷ್ಟು ಸಾಲು ಅನ್ನುವ ಪ್ರಶ್ನೆ. ಚಿಕ್ಕ ಕಪ್ಲರ್ ಬೇಕಾದರೆ ಒಂದು ಸಾಲು ಬಿಡಿ. ಕಪ್ಲಿಂಗ್ ಗಟ್ಟಿಯಾಗಿರುತ್ತದೆ, ತಯಾರಿಕೆಯ ಸಣ್ಣ ವ್ಯತ್ಯಾಸಗಳನ್ನು ತಾಳಿಕೊಳ್ಳುತ್ತದೆ. ಬೀಟಾಗಳ ವ್ಯತ್ಯಾಸವು ಕಪ್ಲಿಂಗ್ ಭಾಗಿಸು ಗ್ರೂಪ್ ವೇಗದಂತೆ (ಪಲ್ಸ್ ಸಾಗುವ ವೇಗ) ನಡೆಯುತ್ತದೆ. ಆದ್ದರಿಂದ ಗೆರೆ ಚಪ್ಪಟೆಯಾಗುವ ಕಡೆ, ಬೆಳಕು ನಿಧಾನವಾಗುವ ಕಡೆ, ಕಪ್ಲಿಂಗ್ ಉದ್ದ ಇನ್ನೂ ಕುಗ್ಗುತ್ತದೆ. ವೇಗ ಹತ್ತನೇ ಒಂದಾದರೆ ಉದ್ದವೂ ಸುಮಾರು ಹತ್ತನೇ ಒಂದು. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಇದೇ ಉಪಾಯದಿಂದ ಸುಮಾರು 5 ಮೈಕ್ರೋಮೀಟರ್ ಉದ್ದದ ಸ್ವಿಚ್ ಮಾಡಿ ತೋರಿಸಿತು. ಆದರೆ ನಿಧಾನ ಬೆಳಕಿಗೆ ಬೆಲೆ ತೆರಬೇಕು. ತೂತುಗಳ ಒರಟುತನದಿಂದ ಹಿಂದಕ್ಕೆ ಚದುರುವ ಬೆಳಕು, ಗ್ರೂಪ್ ಸೂಚ್ಯಂಕದ (ನಿರ್ವಾತದಲ್ಲಿನ ಬೆಳಕಿನ ವೇಗ ಭಾಗಿಸು ಗ್ರೂಪ್ ವೇಗ) ವರ್ಗದಂತೆ ಏರುತ್ತದೆ. ಅಂಚಿಗೆ ತೀರಾ ಅಂಟಿಕೊಂಡು ವಿನ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ.

ತರಂಗದೂರಗಳನ್ನು ಬೇರ್ಪಡಿಸುವ ಸಾಧನ ನಿಮ್ಮ ಗುರಿಯಾದರೆ ಮೂರು ಸಾಲಿನ ಮಾದರಿಯನ್ನೇ ಇಟ್ಟುಕೊಳ್ಳಿ. ದಾಟುವ ಬಿಂದುವಿನ ಆವೃತ್ತಿ ನೇರ ಹೋಗುತ್ತದೆ. ಇನ್ನೊಂದು ಆವೃತ್ತಿಗೆ ಸರಿಯಾಗಿ ಒಂದು ಕಪ್ಲಿಂಗ್ ಉದ್ದ ಆಗುವಂತೆ ಸಾಧನ ಕತ್ತರಿಸಿದರೆ ಅದು ಪಕ್ಕದ ಗೈಡ್‌ನಿಂದ ಹೊರಬರುತ್ತದೆ. ದಾಟುವ ಬಿಂದು ಬೇಕಾದ ಜಾಗದಲ್ಲಿ ಇಲ್ಲದಿದ್ದರೆ ನಡುವಿನ ಸಾಲಿನ ತೂತುಗಳನ್ನು ಮಾತ್ರ ಸ್ವಲ್ಪ ಹಿರಿದು ಅಥವಾ ಕಿರಿದು ಮಾಡಿ. ಬೆಸ ಎನ್ನುವ ಕ್ಷೇತ್ರ ಆ ಸಾಲಿನ ನಡುಗೆರೆಯಲ್ಲಿ ಸೊನ್ನೆ, ಸಮ ಎನ್ನುವುದು ಅಲ್ಲಿ ಸೊನ್ನೆಯಲ್ಲ. ಹಾಗಾಗಿ ಈ ತೂತುಗಳನ್ನು ಬದಲಿಸಿದಾಗ ಎರಡು ಗೆರೆಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿಯುತ್ತವೆ, ದಾಟುವ ಬಿಂದುವೂ ಜಾಗ ಬದಲಿಸುತ್ತದೆ. ತ್ರಿಜ್ಯವನ್ನು ಲ್ಯಾಟಿಸ್ ಅಂತರದ 0.30 ಪಟ್ಟಿನಿಂದ ಶುರು ಮಾಡಿ, 0.01ರ ಹೆಜ್ಜೆಯಲ್ಲಿ ಎರಡೂ ಕಡೆ ಸರಿಸಿ, ಪ್ರತಿ ಸಲವೂ ದಾಟುವ ಬಿಂದುವಿನ ಬೀಟಾ ಗುರುತು ಹಾಕಿಕೊಳ್ಳಿ.